ಎರಡು ಪೆಟ್ಟಿಗೆಗಳ ನಡುವೆ ಒಬ್ಬ ಎಂಜಿನಿಯರ್

ನಮ್ಮ ಕನ್ನಡ ಬಳಗದಲ್ಲಿ ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯವರು ಕಡಿಮೆಯೇನಿಲ್ಲ. ಕೆಲವರು ಮನೆಯಿಂದಲೇ ಓಡಾಡ್ತಾರೆ, ಉಳಿದವರು ಬಾಡಿಗೆ ರೂಮಿನಲ್ಲಿ ಇರ್ತಾರೆ. ವಿದ್ಯಾರ್ಥಿವೇತನದ ದುಡ್ಡು ಖಾತೆಗೆ ಬಿದ್ದ ವಾರ ಬಳಗದ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. ಹತ್ತಡಿ ಹನ್ನೆರಡಡಿ ರೂಮಿಗೆ ಯಾವ ಸ್ಟೀರಿಯೊ ಸೆಟ್ ತಗೊಳ್ಳೋದು ಅಂತ. ಒಬ್ಬರು ಒಂದು ಕಂಪನಿ ಹೆಸರು ಹೇಳ್ತಾರೆ, ಇನ್ನೊಬ್ಬರು ಅದು ಬೇಡ ಅಂತಾರೆ, ಮೂರನೆಯವರು ಎರಡು ಸಾವಿರ ವ್ಯಾಟ್ ಅಂತ ಬರೆದಿರೋ ಡಬ್ಬದ ಫೋಟೊ ಹಾಕ್ತಾರೆ. ಅಷ್ಟಕ್ಕೆ ಚರ್ಚೆ ಮುಗಿಯುತ್ತೆ.

ಮಾಡೆಲ್ ಹೆಸರು ಹೇಳಿದರೆ ಮುಂದಿನ ಸೆಮಿಸ್ಟರ್ ಹೊತ್ತಿಗೆ ಆ ಮಾಡೆಲ್ಲೇ ಮಾರುಕಟ್ಟೆಯಲ್ಲಿ ಇರೋದಿಲ್ಲ. ಅದಕ್ಕೆ ಈ ಸಲ ನಾವು ಮಾಡೆಲ್ ಬಿಟ್ಟು ಒಬ್ಬ ಮನುಷ್ಯನ ಕಥೆ ಹೇಳ್ತೀವಿ. ಸ್ಟೀರಿಯೊ ಅಂದರೆ ಏನು, ಎರಡು ಪೆಟ್ಟಿಗೆ ಯಾಕೆ ಬೇಕು ಅನ್ನೋದನ್ನ ಮೊದಲು ಪೂರ್ತಿಯಾಗಿ ಯೋಚನೆ ಮಾಡಿ, ಕಾಗದದ ಮೇಲೆ ಇಳಿಸಿ, ತಾವೇ ಕಟ್ಟಿ ತೋರಿಸಿದ ಎಂಜಿನಿಯರ್ ಅವರು. ಹೆಸರು ಅಲನ್ ಡವರ್ ಬ್ಲಮ್‌ಲೈನ್. ಅವರ ಬದುಕು ಗೊತ್ತಾದರೆ ಅಂಗಡಿಯಲ್ಲಿ ಯಾವ ಡಬ್ಬ ಎತ್ತಬೇಕು, ಯಾವುದನ್ನ ಅಲ್ಲೇ ಬಿಡಬೇಕು ಅನ್ನೋದು ಅರ್ಧ ತಾನಾಗಿಯೇ ತಿಳಿಯುತ್ತೆ.

ಗಂಟೆ ರಿಪೇರಿಯ ಬಿಲ್ಲು

ಬ್ಲಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಸೆಮ್ಮಿ ಬ್ಲಮ್‌ಲೈನ್ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದವರು, ಗಣಿ ವ್ಯವಹಾರದಲ್ಲಿ ಇದ್ದವರು. ತಾಯಿ ಜೆಸ್ಸಿ, ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದ್ದ ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಮಗಳು. ಏಳು ವರ್ಷದ ಹುಡುಗ ಮನೆ ಬಾಗಿಲಿನ ಗಂಟೆ ರಿಪೇರಿ ಮಾಡಿ, ತಂದೆಗೆ ಅದರ ಬಿಲ್ಲು ಕೊಟ್ಟು, ಕೆಳಗೆ ತನ್ನ ಹೆಸರಿನ ಜೊತೆ ಎಲೆಕ್ಟ್ರಿಕಲ್ ಎಂಜಿನಿಯರ್ ಅಂತ ಬರೆದಿದ್ದ ಅನ್ನೋ ಮಾತು ಆ ಮನೆಯಲ್ಲಿ ಉಳಿದು ಬಂದಿದೆ. ಅದೇ ಹುಡುಗನಿಗೆ ಹನ್ನೆರಡು ವರ್ಷ ಆಗೋವರೆಗೂ ಸರಾಗವಾಗಿ ಓದಲು ಬರ್ತಿರಲಿಲ್ಲವಂತೆ. ಹಿಂದಿನ ಬೆಂಚಿನವರು ಈ ಸಾಲನ್ನ ಎರಡು ಸಲ ಓದಿಕೊಳ್ಳಬಹುದು.

ಹೈಗೇಟ್ ಶಾಲೆ ಮುಗಿಸಿ ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜು ಸೇರಿದರು. ಪ್ರಥಮ ದರ್ಜೆಯಲ್ಲಿ ಪದವಿ ಬಂತು. 1924ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮುಂದೆ ಅದೇ ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಆಯಿತು. ಅಲ್ಲಿ ದೂರದ ಟೆಲಿಫೋನ್ ಕೇಬಲ್ಲುಗಳ ಕೆಲಸ. ಒಂದು ಜೋಡಿ ತಂತಿಯ ಮಾತು ಪಕ್ಕದ ಜೋಡಿಯಲ್ಲಿ ಸಣ್ಣಗೆ ಕೇಳಿಸೋ ತೊಂದರೆಗೆ ಕ್ರಾಸ್‌ಟಾಕ್ ಅಂತೀವಲ್ಲ, ಅದನ್ನ ಕಡಿಮೆ ಮಾಡೋದರಲ್ಲಿ ಅವರ ಕೈ ಪಳಗಿತು. ಎರಡು ದಾರಿಯ ಸದ್ದನ್ನ ಒಂದಕ್ಕೊಂದು ಬೆರೆಯದ ಹಾಗೆ ಕಾಪಾಡೋದು ಹೇಗೆ ಅನ್ನೋ ಪಾಠ ಅವರಿಗೆ ಸಂಗೀತಕ್ಕಿಂತ ಮೊದಲು ಟೆಲಿಫೋನಿನಲ್ಲೇ ಆಗಿತ್ತು.

ರಾಯಲ್ಟಿ ತಪ್ಪಿಸಿದ ಯಂತ್ರ

1929ರಲ್ಲಿ ಅವರು ಕೊಲಂಬಿಯಾ ಗ್ರಾಫೊಫೋನ್ ಕಂಪನಿ ಸೇರಿದರು. ಅಲ್ಲಿ ಮೇಲಧಿಕಾರಿ ಐಸಾಕ್ ಶೋನ್‌ಬರ್ಗ್. ಆಗ ವಿದ್ಯುತ್ ಧ್ವನಿಮುದ್ರಣ ಹೊಸದು. ಅದರ ಪೇಟೆಂಟು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕೈಯಲ್ಲಿ ಇತ್ತು. ಮಾರಾಟವಾಗೋ ತಟ್ಟೆಗಳ ಲೆಕ್ಕದಲ್ಲಿ ಅವರಿಗೆ ರಾಯಲ್ಟಿ ಹೋಗಬೇಕಿತ್ತು. ಆ ಪೇಟೆಂಟನ್ನ ಮುಟ್ಟದೆ ಅಷ್ಟೇ ಚೆನ್ನಾಗಿ ತಟ್ಟೆ ಕೊರೆಯೋ ಯಂತ್ರ ಮಾಡಿಕೊಡಿ ಅನ್ನೋದು ಬ್ಲಮ್‌ಲೈನ್‌ಗೆ ಬಂದ ಮೊದಲ ಕೆಲಸ.

ಅವರು ಬೇರೆಯವರ ಯಂತ್ರವನ್ನ ತಿದ್ದಲು ಹೋಗಲಿಲ್ಲ. ಕಾಂತದ ನಡುವೆ ಓಡಾಡೋ ಸುರುಳಿಯಿಂದ ಮುಳ್ಳನ್ನ ಅಲುಗಿಸೋ ಹೊಸ ಕಟರ್ ಕಟ್ಟಿದರು. ಹಳೆಯ ಕಟರ್‌ನಲ್ಲಿ ಅನಗತ್ಯ ಕಂಪನವನ್ನ ರಬ್ಬರಿನಿಂದ ತಡೀತಿದ್ದರು. ಇವರು ಅದನ್ನ ವಿದ್ಯುತ್ತಿನಿಂದಲೇ ತಡೆದರು. ರಾಯಲ್ಟಿ ತಪ್ಪಿತು, ಸದ್ದೂ ಸ್ವಚ್ಛವಾಯಿತು. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮಫೋನ್ ಕಂಪನಿ ಒಂದಾಗಿ ಇಎಂಐ ಹುಟ್ಟಿತು. ಕೊಳವೆ ಮುಂದೆ ನಾಯಿ ಕೂತಿರೋ ಎಚ್‌ಎಂವಿ ಚಿತ್ರ ನಮ್ಮ ತಾತಂದಿರ ತಟ್ಟೆಗಳ ಮೇಲೂ ಇರುತ್ತಿತ್ತು, ಅದು ಈ ಗ್ರಾಮಫೋನ್ ಕಂಪನಿಯದೇ ಗುರುತು. ಬ್ಲಮ್‌ಲೈನ್ ಲಂಡನ್ ಪಕ್ಕದ ಹೇಯ್ಸ್‌ನಲ್ಲಿದ್ದ ಇಎಂಐ ಪ್ರಯೋಗಾಲಯಕ್ಕೆ ಬಂದರು.

ಪರದೆಯ ಆ ಕಡೆ ನಟ, ಈ ಕಡೆ ಮಾತು

ಅದೇ ವರ್ಷ, ಮುಂದೆ ಹೆಂಡತಿಯಾಗಲಿದ್ದ ಡೋರೀನ್ ಲೇನ್ ಜೊತೆ ಅವರು ಒಂದು ಸಿನಿಮಾ ನೋಡಲು ಹೋಗಿದ್ದರು. ಟಾಕೀಸ್ ಬಂದು ಕೆಲವೇ ವರ್ಷ ಆಗಿತ್ತು. ನಟ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೂ ಮಾತು ಮಾತ್ರ ಒಂದೇ ಜಾಗದಿಂದ ಬರ್ತಿತ್ತು. ಇದು ಸರಿಯಿಲ್ಲ, ಸರಿಮಾಡೋ ದಾರಿ ನನಗೆ ಗೊತ್ತು ಅಂತ ಅವರು ಡೋರೀನ್‌ಗೆ ಹೇಳಿದ್ದರಂತೆ.

ಆ ದಾರಿ ಏನು ಅನ್ನೋದಕ್ಕೆ ಅರಸೀಕೆರೆ ಜಂಕ್ಷನ್ನಿಗೆ ಬನ್ನಿ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರೂ ಗಾಡಿ ಬೆಂಗಳೂರು ಕಡೆಯಿಂದ ಬರ್ತಿದೆಯೋ ಹುಬ್ಬಳ್ಳಿ ಕಡೆಯಿಂದಲೋ ಅಂತ ಹೇಳಬಹುದು. ಒಂದು ಕಿವಿಗೆ ಸದ್ದು ಸ್ವಲ್ಪ ಮೊದಲು ಬೀಳುತ್ತೆ, ಇನ್ನೊಂದಕ್ಕೆ ಸ್ವಲ್ಪ ತಡ. ತಲೆಯ ಅಗಲ ಅಷ್ಟೇ ಆದ್ದರಿಂದ ಈ ತಡ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡ್. ಜೊತೆಗೆ ತಲೆಯ ಮರೆಗೆ ಬಿದ್ದ ಕಿವಿಗೆ ಸದ್ದು ಸ್ವಲ್ಪ ಮೆತ್ತಗೆ ಕೇಳುತ್ತೆ. ಈ ಎರಡು ವ್ಯತ್ಯಾಸದಿಂದ ಮಿದುಳು ದಿಕ್ಕು ಲೆಕ್ಕ ಹಾಕುತ್ತೆ.

ಕಷ್ಟ ಇರೋದು ಇಲ್ಲಿ. ಹೆಡ್‌ಫೋನ್ ಆದರೆ ಎಡದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ ಹೋಗುತ್ತೆ. ಸ್ಪೀಕರ್ ಆದರೆ ಎರಡೂ ಪೆಟ್ಟಿಗೆಯ ಸದ್ದು ಎರಡೂ ಕಿವಿಗೆ ಬೀಳುತ್ತೆ. ಹಾಗಾದರೆ ದಿಕ್ಕು ಕಲಸಿಹೋಗೋದಿಲ್ವಾ? ಬ್ಲಮ್‌ಲೈನ್ ತೋರಿಸಿದ್ದು ಇದನ್ನೇ. ಎರಡು ಸ್ಪೀಕರ್‌ಗೂ ಸದ್ದನ್ನ ಒಂದೇ ಸಮಯಕ್ಕೆ ಕೊಟ್ಟು, ಒಂದಕ್ಕೆ ಸ್ವಲ್ಪ ಜೋರು ಇನ್ನೊಂದಕ್ಕೆ ಸ್ವಲ್ಪ ಮೆತ್ತಗೆ ಮಾಡಿದರೆ ಸಾಕು. ನಾಲ್ಕು ದಾರಿಯಲ್ಲಿ ಬಂದ ಅಲೆಗಳು ಕಿವಿಯ ಹತ್ತಿರ ಕೂಡಿಕೊಂಡಾಗ ಬೇಕಾದ ಸಮಯದ ವ್ಯತ್ಯಾಸ ತಾನಾಗಿಯೇ ಹುಟ್ಟುತ್ತೆ. ಫೇಸರ್ ಚಿತ್ರ ಬರೆದು ನೋಡಿ, ಒಂದು ಪುಟದಲ್ಲಿ ಮುಗಿಯೋ ಲೆಕ್ಕ.

1931ರ ಡಿಸೆಂಬರ್ 14ರಂದು ಅವರು ಪೇಟೆಂಟ್ ಅರ್ಜಿ ಹಾಕಿದರು. ಬ್ರಿಟಿಷ್ ಪೇಟೆಂಟ್ ಸಂಖ್ಯೆ 394325, ಒಟ್ಟು 70 ಹಕ್ಕುಸಾಧನೆಗಳು. ಅಡ್ಡಡ್ಡ ಇಟ್ಟ ಎರಡು ಮೈಕುಗಳ ಜೋಡಿ, ಎರಡು ಚಾನೆಲ್‌ಗಳ ಮೊತ್ತ ಮತ್ತು ವ್ಯತ್ಯಾಸ ತೆಗೆಯೋ ಸರ್ಕ್ಯೂಟು, ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳ ಮೇಲೆ 45 ಡಿಗ್ರಿಯಲ್ಲಿ ಎರಡು ಚಾನೆಲ್ ಬರೆಯೋ ಉಪಾಯ, ಎಲ್ಲಾ ಅದರಲ್ಲೇ ಇದೆ. ಆ ಮೈಕುಗಳ ಜೋಡಿಗೆ ಇವತ್ತಿಗೂ ಅವರದೇ ಹೆಸರು. ಮೊತ್ತ ಮತ್ತು ವ್ಯತ್ಯಾಸದ ಉಪಾಯವನ್ನ ಎಫ್‌ಎಂ ಸ್ಟೀರಿಯೊ ಪಾಠದಲ್ಲಿ ನಾವೆಲ್ಲ ಪರೀಕ್ಷೆಗೆ ಬರೆದಿದ್ದೀವಿ. ಸ್ಟೀರಿಯೊ ಅನ್ನೋ ಪದ ಮಾತ್ರ ಅವರು ಬಳಸಿದ್ದಲ್ಲ, ಅವರು ಬೈನಾರಲ್ ಅಂತಿದ್ದರು.

ಹೇಯ್ಸ್ ನಿಲ್ದಾಣದ ರೈಲುಗಳು

1934ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ಅವರು ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಿಂದ ಮೊಟ್ಸಾರ್ಟ್‌ನ ಜ್ಯುಪಿಟರ್ ಸಿಂಫನಿ ನುಡಿಸ್ತಿದ್ದಾಗ ಬ್ಲಮ್‌ಲೈನ್ ತಂಡ ಅದನ್ನ ಎರಡು ಚಾನೆಲ್ಲಿನಲ್ಲಿ ತಟ್ಟೆಗೆ ಇಳಿಸಿತು. 1935ರಲ್ಲಿ ಸಿನಿಮಾಕ್ಕೂ ಇದನ್ನ ಹೊಂದಿಸಿ ಕೆಲವು ಪ್ರಯೋಗದ ಚಿತ್ರ ತೆಗೆದರು. ಒಂದರಲ್ಲಿ ಜನ ವೇದಿಕೆಯ ಮೇಲೆ ಮಾತಾಡ್ತಾ ನಡೀತಾರೆ, ಮಾತು ಅವರ ಜೊತೆಗೇ ಹೋಗುತ್ತೆ. ಇನ್ನೊಂದರಲ್ಲಿ ಹೇಯ್ಸ್ ರೈಲು ನಿಲ್ದಾಣ. ಉಗಿಬಂಡಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತೆ, ಸದ್ದೂ ಹಾಗೇ ಸರಿಯುತ್ತೆ. ಕಥೆ ಇಲ್ಲ, ನಟರಿಲ್ಲ. ಆದರೂ ಅರಸೀಕೆರೆಯವರಿಗೆ ಇದಕ್ಕಿಂತ ಹತ್ತಿರದ ಸಿನಿಮಾ ಇರಲಾರದು.

ಇಷ್ಟೆಲ್ಲ ಆದ ಮೇಲೆ ಸ್ಟೀರಿಯೊ ಅಂಗಡಿಗೆ ಬರಬೇಕಿತ್ತು. ಬರಲಿಲ್ಲ. ಒಂದು ಗ್ರಾಮಫೋನ್ ಕೊಳ್ಳೋದೇ ಕಷ್ಟವಾಗಿದ್ದ ಆರ್ಥಿಕ ಕುಸಿತದ ಕಾಲದಲ್ಲಿ ಎರಡು ಆಂಪ್ಲಿಫೈಯರ್, ಎರಡು ಸ್ಪೀಕರ್ ಯಾರು ಕೊಳ್ತಾರೆ? ಇಎಂಐ ತನ್ನ ಬಲವನ್ನೆಲ್ಲ ಟೆಲಿವಿಷನ್ ಮೇಲೆ ಹಾಕಿತು. ಬ್ಲಮ್‌ಲೈನ್ ಕೂಡ ಅತ್ತ ಹೋದರು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬಿಬಿಸಿ ಟೆಲಿವಿಷನ್ ಶುರುವಾದಾಗ ಅವರ ತಂಡದ 405 ಗೆರೆಗಳ ಪದ್ಧತಿ ಮತ್ತು ಬೇರ್ಡ್ ಅವರ 240 ಗೆರೆಗಳ ಪದ್ಧತಿ ಸರದಿಯಲ್ಲಿ ಓಡಿದವು. ಕೆಲವೇ ತಿಂಗಳಲ್ಲಿ ಬೇರ್ಡ್ ಪದ್ಧತಿಯನ್ನ ಕೈಬಿಟ್ಟರು.

ಈ ಕಾಲದಲ್ಲೇ ಅವರು ಇನ್ನೊಂದು ಸರ್ಕ್ಯೂಟಿಗೆ ಪೇಟೆಂಟ್ ಪಡೆದರು. ಎರಡು ವಾಲ್ವುಗಳ ಕ್ಯಾಥೋಡ್ ಸೇರಿಸಿ ಕೆಳಗೆ ಒಂದು ದೊಡ್ಡ ರೆಸಿಸ್ಟರ್ ಕಟ್ಟೋದು. ಎರಡು ತಂತಿಯಲ್ಲೂ ಸಮನಾಗಿ ಬಂದ ಗದ್ದಲ ಸತ್ತು, ವ್ಯತ್ಯಾಸ ಮಾತ್ರ ಮುಂದೆ ಹೋಗುತ್ತೆ. ಗೊತ್ತಾಯಿತಲ್ಲ? ನಾವು ಟ್ರಾನ್ಸಿಸ್ಟರ್ ಹಾಕಿ ಲ್ಯಾಬಿನಲ್ಲಿ ಕಟ್ಟೋ ಡಿಫರೆನ್ಷಿಯಲ್ ಆಂಪ್ಲಿಫೈಯರ್. ಆಪ್-ಆಂಪ್ ಒಳಗಡೆ ಮೊದಲ ಹಂತ ಇದೇ. ವೈವಾದಲ್ಲಿ ಇದನ್ನ ಕೇಳ್ತಾರೆ, ಕಟ್ಟಿದವರ ಹೆಸರು ಮಾತ್ರ ಯಾರೂ ಕೇಳೋದಿಲ್ಲ.

ಬಿಗಿಯಾಗದ ಒಂದು ನಟ್ಟು

1933ರಲ್ಲಿ ಡೋರೀನ್ ಜೊತೆ ಮದುವೆಯಾಗಿತ್ತು. ಸೈಮನ್, ಡೇವಿಡ್ ಅಂತ ಇಬ್ಬರು ಗಂಡುಮಕ್ಕಳು. ಹವ್ಯಾಸಕ್ಕೆ ಅಂತ ಬ್ಲಮ್‌ಲೈನ್ ವಿಮಾನ ಹಾರಿಸೋದನ್ನೂ ಕಲಿತಿದ್ದರು. ಯುದ್ಧ ಬಂದಾಗ ಟೆಲಿವಿಷನ್ ನಿಂತಿತು, ಅದೇ ತಂಡ ರಾಡಾರ್‌ಗೆ ತಿರುಗಿತು. ರಾತ್ರಿ ಹೊತ್ತು, ಮೋಡದ ಮೇಲಿನಿಂದಲೂ ಕೆಳಗಿನ ನೆಲದ ಚಿತ್ರ ತೋರಿಸೋ ಎಚ್2ಎಸ್ ಅನ್ನೋ ರಾಡಾರ್ ಕಟ್ಟೋ ಕೆಲಸ.

1942ರ ಜೂನ್ 7, ಭಾನುವಾರ. ಈ ರಾಡಾರ್ ಪರೀಕ್ಷೆಗೆ ಹೊರಟ ಹ್ಯಾಲಿಫ್ಯಾಕ್ಸ್ ವಿಮಾನದ ಒಂದು ಎಂಜಿನ್ನಿಗೆ ಬೆಂಕಿ ಹತ್ತಿತು. ವೇಲ್ಸ್ ಗಡಿಯ ವೆಲ್ಷ್ ಬಿಕ್ನರ್ ಹತ್ತಿರ ವಿಮಾನ ಬಿದ್ದು, ಒಳಗಿದ್ದ ಹನ್ನೊಂದು ಜನರೂ ತೀರಿಕೊಂಡರು. ಅವರಲ್ಲಿ ಬ್ಲಮ್‌ಲೈನ್ ಒಬ್ಬರು. ಇಎಂಐನ ಬ್ರೌನ್ ಮತ್ತು ಬ್ಲೈದನ್ ಕೂಡ ಇದ್ದರು. ಕಾರಣ ಹುಡುಕಿದಾಗ ಸಿಕ್ಕಿದ್ದು ಎಂಜಿನ್ನಿನ ಒಂದು ವಾಲ್ವಿನ ಹತ್ತಿರ ಸರಿಯಾಗಿ ಬಿಗಿ ಮಾಡದೆ ಬಿಟ್ಟ ನಟ್ಟು. ವಾಲ್ವ್ ಮುರಿದು ಇಂಧನಕ್ಕೆ ಬೆಂಕಿ ತಗುಲಿತ್ತು. 39 ತುಂಬಲು ಇನ್ನೂ ಮೂರು ವಾರ ಇತ್ತು.

ಕೆಲಸ ಗುಟ್ಟಿನದು, ಆದ್ದರಿಂದ ಸಾವೂ ಗುಟ್ಟಾಯಿತು. ಪತ್ರಿಕೆಗಳಲ್ಲಿ ಆಗ ಸುದ್ದಿ ಬರಲಿಲ್ಲ. ಎಚ್2ಎಸ್ ನಿಲ್ಲಲಿಲ್ಲ, 1943ರ ಜನವರಿ ಕೊನೆಯಲ್ಲಿ ಯುದ್ಧದಲ್ಲಿ ಬಳಕೆಗೆ ಬಂತು. ಆದರೆ ಅದನ್ನ ಕಟ್ಟಿದವರ ಹೆಸರು ಹೊರಗಿನ ಜನಕ್ಕೆ ಗೊತ್ತಾಗಲಿಲ್ಲ. ಅವರು ಬಿಟ್ಟುಹೋದ ಪೇಟೆಂಟುಗಳು 128. ಸುಮಾರು ಹದಿನೈದು ವರ್ಷದ ವೃತ್ತಿಜೀವನಕ್ಕೆ ಭಾಗಿಸಿದರೆ ಆರು ವಾರಕ್ಕೆ ಒಂದು. ಅವರು ತೀರಿಕೊಂಡ ದಿನ ಜಗತ್ತಿನ ಯಾವ ಅಂಗಡಿಯಲ್ಲೂ ಎರಡು ಚಾನೆಲ್ಲಿನ ಇಂಥ ತಟ್ಟೆ ಮಾರಾಟಕ್ಕೆ ಇರಲಿಲ್ಲ.

1958ರ ಹೊತ್ತಿಗೆ ಸ್ಟೀರಿಯೊ ಎಲ್‌ಪಿ ಮಾರುಕಟ್ಟೆಗೆ ಬಂತು. ಗೀರಿನ ಎರಡು ಗೋಡೆ, 45 ಡಿಗ್ರಿ, 1931ರ ಅದೇ ಉಪಾಯ. ಅಷ್ಟರಲ್ಲಿ ಪೇಟೆಂಟಿನ ಅವಧಿ ಮುಗಿದಿತ್ತು. 2015ರಲ್ಲಿ ಆಬಿ ರೋಡ್‌ನಲ್ಲಿ ಐಇಇಇ ಅವರ ಸಾಧನೆಗೆ ಫಲಕ ಹಾಕಿತು, 2017ರಲ್ಲಿ ಮರಣೋತ್ತರ ಟೆಕ್ನಿಕಲ್ ಗ್ರ್ಯಾಮಿ ಬಂತು.

ಹಾಗಾದರೆ ನಮ್ಮ ರೂಮಿಗೆ ಏನು?

ಬ್ಲಮ್‌ಲೈನ್ ಹಿಂದೆ ಬಿದ್ದಿದ್ದು ಜೋರಾದ ಸದ್ದಿಗಲ್ಲ, ಸದ್ದಿನ ಜಾಗಕ್ಕೆ. ಸಣ್ಣ ರೂಮಿಗೆ ಸೆಟ್ ಆರಿಸೋವಾಗ ಇದೊಂದನ್ನ ಹಿಡಿದುಕೊಂಡರೆ ಸಾಕು, ಉಳಿದದ್ದು ಲೆಕ್ಕ.

ಮೊದಲನೆಯದು, ಎರಡು ಬೇರೆ ಬೇರೆ ಪೆಟ್ಟಿಗೆ ಇರಲಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನ ನೋಡಿದ್ದೀರಲ್ಲ. ಹೊಯ್ಸಳೇಶ್ವರ, ಶಾಂತಲೇಶ್ವರ ಅಂತ ಎರಡು ಗುಡಿ, ಎರಡರ ಎದುರಿಗೂ ಒಂದೊಂದು ನಂದಿ, ನಡುವೆ ಜಾಗ. ಸ್ಟೀರಿಯೊಗೂ ನಡುವಿನ ಜಾಗ ಬೇಕು. ಪೆಟ್ಟಿಗೆಗಳ ನಡುವೆ ಐದಾರು ಅಡಿ, ನಮ್ಮ ಕಿವಿಗೂ ಪ್ರತಿ ಪೆಟ್ಟಿಗೆಗೂ ಅಷ್ಟೇ ಅಡಿ, ಅಂದರೆ ಸಮಬಾಹು ತ್ರಿಕೋನ. ಆಗ ಪೆಟ್ಟಿಗೆಗಳ ನಡುವಿನ ಕೋನ 60 ಡಿಗ್ರಿ. ಒಂದೇ ಡಬ್ಬದೊಳಗೆ 20 ಸೆಂಟಿಮೀಟರ್ ಅಂತರದಲ್ಲಿ ಎರಡು ಸ್ಪೀಕರ್ ಇದ್ದರೆ ಎರಡು ಮೀಟರ್ ದೂರದಿಂದ ಆ ಕೋನ ಆರು ಡಿಗ್ರಿಯೂ ಆಗೋದಿಲ್ಲ. ಡಬ್ಬದ ಮೇಲೆ ಸ್ಟೀರಿಯೊ ಅಂತ ಬರೆದಿದ್ದರೂ ಕಿವಿಗೆ ಅದು ಒಂದೇ.

ಎರಡನೆಯದು ವ್ಯಾಟ್. ಪಿಎಂಪಿಒ ಅಂತ ಬರೆದ ಸಾವಿರಗಳನ್ನ ಓದಲೇಬೇಡಿ, ಆರ್‌ಎಂಎಸ್ ನೋಡಿ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡೋ ಸಾಧಾರಣ ಸ್ಪೀಕರ್ ತಗೊಳ್ಳಿ. ಎರಡು ಮೀಟರ್‌ಗೆ 6 ಕಳೆದು, ಎರಡು ಪೆಟ್ಟಿಗೆಗೆ 3 ಕೂಡಿಸಿದರೆ 83. ಅದೇ ಸಾಕಷ್ಟು ಜೋರು. ಹತ್ತು ವ್ಯಾಟಿಗೆ 93 ಆಗುತ್ತೆ, ಅಷ್ಟರಲ್ಲಿ ಕೆಳಗಡೆ ಮನೆಯ ಓನರ್ ಬಾಗಿಲು ತಟ್ಟಿರ್ತಾರೆ. ಪ್ರತಿ ಚಾನೆಲ್‌ಗೆ 15-20 ವ್ಯಾಟ್ ಆರ್‌ಎಂಎಸ್ ಧಾರಾಳ. ವ್ಯಾಟ್ ಎರಡರಷ್ಟು ಮಾಡಿದರೂ ಸಿಗೋದು ಮೂರೇ ಡೆಸಿಬೆಲ್. ಆ ದುಡ್ಡನ್ನ ಒಳ್ಳೆಯ ಸ್ಪೀಕರ್‌ಗೆ ಹಾಕಿ.

ಮೂರನೆಯದು ಬೇಸ್. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. 12 ಅಡಿ ಉದ್ದದ ರೂಮು ಸುಮಾರು 47 ಹರ್ಟ್ಸ್‌ಗೆ, 10 ಅಡಿ ಅಗಲ 56 ಹರ್ಟ್ಸ್‌ಗೆ ಅನುರಣಿಸುತ್ತೆ. ಚಾವಣಿಯ ಎತ್ತರವೂ 10 ಅಡಿ ಇದ್ದರೆ 56ರ ಕಾಟ ಎರಡರಷ್ಟು. ಇಂಥ ರೂಮಿಗೆ ದೊಡ್ಡ ಸಬ್‌ವೂಫರ್ ತಂದರೆ ಪ್ರತಿ ಹಾಡೂ ಒಂದೇ ಗುಂಯ್ ಅನ್ನುತ್ತೆ. ನಾಲ್ಕು ಐದು ಇಂಚಿನ ವೂಫರ್ ಸಾಕು. ಮೂಲೆಗೆ ಒತ್ತಿ ಇಡಬೇಡಿ, ಮೂಲೆ ಬೇಸನ್ನ ಹಿಗ್ಗಿಸುತ್ತೆ. ಶೆಲ್ಫಿನೊಳಗೆ ಇಡೋದಾದರೆ ಗಾಳಿಯ ತೂತು ಹಿಂದಿರೋದಕ್ಕಿಂತ ಮುಂದಿರೋ ಪೆಟ್ಟಿಗೆ ಒಳ್ಳೇದು.

ನಾಲ್ಕನೆಯದು ಗೋಡೆ. ಬೇಲೂರಿನ ಚೆನ್ನಕೇಶವನ ನವರಂಗದಲ್ಲಿ ನೆಲ, ಕಂಬ, ಚಾವಣಿ ಎಲ್ಲಾ ಕಲ್ಲು. ಕಲ್ಲು ಸದ್ದನ್ನ ಹೀರೋದು ತೀರಾ ಕಡಿಮೆ, ಹೆಚ್ಚೂಕಮ್ಮಿ ಬಂದಷ್ಟೂ ವಾಪಸ್ ಕಳಿಸುತ್ತೆ. ನಮ್ಮ ರೂಮಿನ ಸಿಮೆಂಟು, ಟೈಲ್ಸ್ ಕೂಡ ಅದೇ ಜಾತಿ. ನೆಲಕ್ಕೆ ಜಮಖಾನ ಅಥವಾ ನಮ್ಮ ಕಡೆ ಸುಲಭವಾಗಿ ಸಿಗೋ ನಾರಿನ ಚಾಪೆ, ಹಿಂದಿನ ಗೋಡೆಗೆ ಪುಸ್ತಕದ ಶೆಲ್ಫು, ಕಿಟಕಿಗೆ ದಪ್ಪ ಪರದೆ. ಹಾಸಿಗೆ ಹೇಗೂ ಇದ್ದೇ ಇದೆ. ಇಷ್ಟಕ್ಕೆ ಮೇಲಿನ ಸ್ವರಗಳ ಕಿರಿಕಿರಿ ಎಷ್ಟೋ ತಗ್ಗುತ್ತೆ. ಪೆಟ್ಟಿಗೆಯ ಸಣ್ಣ ಸ್ಪೀಕರ್ ನಿಮ್ಮ ಕಿವಿಯ ಎತ್ತರಕ್ಕೆ ಬರೋ ಹಾಗೆ ಕೆಳಗೆ ಇಟ್ಟಿಗೆ ಕೊಟ್ಟರೂ ಆಯಿತು.

ಕೊನೆಯದು ಪರೀಕ್ಷೆ. ಅಂಗಡಿಗೆ ನಿಮಗೆ ಬಾಯಿಪಾಠ ಇರೋ ಹಾಡನ್ನೇ ಫೋನಿನಲ್ಲಿ ತಗೊಂಡು ಹೋಗಿ. ಒಬ್ಬರೇ ಹಾಡಿದ ಭಾವಗೀತೆ ಆದರೆ ಒಳ್ಳೇದು. ಪೆಟ್ಟಿಗೆಗಳನ್ನ ದೂರ ಇಡಿಸಿ, ಸರಿಯಾಗಿ ನಡುವೆ ಕೂರಿ. ದನಿ ನಡುವೆ ನಿಲ್ಲದೆ ಎಲ್ಲ ಕಡೆ ಚದುರಿ, ಬೇಸ್ ಸೊರಗಿದ್ದರೆ ಒಂದು ಪೆಟ್ಟಿಗೆಯ ಕೆಂಪು ಕಪ್ಪು ತಂತಿ ಅದಲುಬದಲಾಗಿದೆ ಅಂತ ಅರ್ಥ, ಸರಿಮಾಡಿಸಿ ಮತ್ತೆ ಕೇಳಿ. ಒಂದು ಅಡಿ ಪಕ್ಕಕ್ಕೆ ಸರಿದರೂ ದನಿ ಹತ್ತಿರದ ಪೆಟ್ಟಿಗೆಗೆ ಜಾರುತ್ತೆ. ಒಂದು ಅಡಿಗೆ ಸುಮಾರು 0.9 ಮಿಲಿಸೆಕೆಂಡ್, ಅದು ಕಿವಿಗೆ ದೊಡ್ಡ ಅಂತರ. ಅದು ಸೆಟ್ಟಿನ ದೋಷವಲ್ಲ.

ಎಲ್ಲ ಸರಿಯಿದ್ದರೆ ಹಾಡುವವರ ದನಿ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಗೋಡೆಯಿಂದ ಬರುತ್ತೆ. ಅಲ್ಲಿ ಸ್ಪೀಕರ್ ಇಲ್ಲ, ತಂತಿ ಇಲ್ಲ, ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ದನಿ ನಿಲ್ಲಿಸೋದನ್ನೇ ಬ್ಲಮ್‌ಲೈನ್ 1931ರಲ್ಲಿ ಲೆಕ್ಕ ಹಾಕಿ ಬರೆದಿಟ್ಟದ್ದು. ಯಾವ ಸೆಟ್ಟಿನಲ್ಲಿ ಅದು ನಿಮಗೆ ಕೇಳಿಸಿತೋ ಅದನ್ನ ತಗೊಳ್ಳಿ.